ಮೊದಲ ಕ್ಯಾಸೆಟ್ಟಿಗಿಂತ ಮುಂಚೆ

ಭಾಮೈದ ಫೋನು ಮಾಡಿದಾಗ ಅವನ ಕೈಯಲ್ಲಿ ಯಾರದೋ ಕೆಳದವಡೆ ಇತ್ತು. ಗುಲಾಬಿ ಮೇಣದ ಒಸಡಿಗೆ ಒಂದೊಂದೇ ಹಲ್ಲು ಕೂರಿಸುತ್ತ, ಮುಂದಿನೆರಡನ್ನು ತುಸು ಓರೆ ಮಾಡಲೋ ಬೇಡವೋ ಎಂದು ಯೋಚಿಸುತ್ತಿದ್ದ. ತೀರ ನೇರ ಸಾಲಿನಲ್ಲಿ ಕೂರಿಸಿದರೆ ಕಟ್ಟಿಸಿಕೊಂಡ ಹಲ್ಲೆಂದು ಬೀದಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತದೆ. ಒಂದಿಷ್ಟು ಊನ ಬಿಟ್ಟರೆ ಯಾರೂ ಅನುಮಾನಿಸುವುದಿಲ್ಲ. ಈ ಕಸುಬಿನಲ್ಲೇ ಅವನ ಕೂದಲು ಹಣ್ಣಾಗಿತ್ತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಚೂರಿಯನ್ನು ಸ್ಪಿರಿಟ್ ದೀಪದ ಮೇಲೆ ಹಿಡಿದು, ಹ್ಞೂಂ ಹೇಳು ಎಂದ. ಭಾಮೈದನ ದನಿಯಲ್ಲಿ ಸಡಗರ ಉಕ್ಕುತ್ತಿತ್ತು. ಸಂಜೆ ಗೊಗ್ಗರನ ಹುಟ್ಟುಹಬ್ಬ, ನೆನಪಿದೆ ತಾನೆ, ಐದು ಗಂಟೆಗೆ ಎಲ್ಲರೂ ಸೇರುತ್ತಾರೆ, ಈ ಸಲ ಅಕ್ಕನನ್ನೂ ಕರೆತರಲೇಬೇಕು, ಕೇಕಿಗೆ ಹೇಳಿಯಾಗಿದೆ. ಇಷ್ಟು ಹೇಳಿ ಒಮ್ಮೆ ಉಸಿರೆಳೆದುಕೊಂಡ.

“ಯಾರು ಬರ್ತಿದಾರೆ ಹೇಳಿ ನೋಡೋಣ ಭಾವ.”

“ಯಾರಪ್ಪಾ?”

“ತುಕ್ಕು ಬ್ಯಾಂಡಿನ ಡ್ರಮ್ಮರ್. ಮಗಳ ಮನೆಗೆ ಬಂದಿದಾರಂತೆ, ಹೇಗೋ ಹಿಡಿದೆ. ನಿಮ್ಮ ಡ್ರಮ್ಮರ್, ಭಾವ.”

ಬಿಸಿ ಚೂರಿ ಮೇಣದೊಳಕ್ಕೆ ಸರಕ್ಕನೆ ಇಳಿದು ಎರಡು ಹಲ್ಲು ಮಗುಚಿಕೊಂಡವು. ಸಂತೋಷ ಸಂತೋಷ ಎಂದು ಅವನು ಎರಡು ಸಲ ಹೇಳಿ ಫೋನಿಟ್ಟ. ಮೇಜಿನ ಮೇಲೆ ಸಾಲಾಗಿಟ್ಟಿದ್ದ ಪ್ಲಾಸ್ಟರಿನ ಬಾಯಿಗಳು ಬಿಟ್ಟ ಬಾಯಿ ಬಿಟ್ಟಂತೆಯೇ ಅವನನ್ನು ನೋಡುತ್ತಿದ್ದವು.

ನಿಮ್ಮ ಡ್ರಮ್ಮರ್ ಎಂಬ ಮಾತು ಹುಳದಂತೆ ಕಿವಿಯೊಳಗೆ ಹೊಕ್ಕು ಕೂತಿತು. ತಪ್ಪು ಭಾಮೈದನದಲ್ಲ. ತುಕ್ಕು ಬ್ಯಾಂಡಿನ ಗಾಯಕ ಗೊಗ್ಗರನ ಹಾಡೆಂದರೆ ಪ್ರಾಣ ಬಿಡುವ ಅವನು ವರ್ಷಗಳಿಂದ ಈ ಭಾವನನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿದ್ದ. ಶುರುವಾದದ್ದು ಕ್ಷೌರದಂಗಡಿಯಲ್ಲಿ. ಮದುವೆಯಾದ ಹೊಸದು, ಭಾವ ಭಾಮೈದ ಇಬ್ಬರೂ ಅಕ್ಕಪಕ್ಕದ ಕುರ್ಚಿಗಳಲ್ಲಿ ನೊರೆ ಬಳಿಸಿಕೊಂಡು ಕೂತಿದ್ದರು. ರೇಡಿಯೊದಲ್ಲಿ ತುಕ್ಕು ಬ್ಯಾಂಡಿನ ‘ಲಿಫ್ಟು ಕೆಟ್ಟಿದೆ’ ಬರತೊಡಗಿತು. ಏಳನೇ ಮಹಡಿಯಲ್ಲಿರುವ ಹುಡುಗಿಯನ್ನು ನೋಡಲು ಮೆಟ್ಟಿಲು ಹತ್ತುವವನ ಹಾಡು. ಆಗ ಎಲ್ಲರ ಬಾಯಲ್ಲೂ ಅದೇ. ಭಾಮೈದ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಕನ್ನಡಿಯಲ್ಲಿ ಅವನ ಮುಖ ನೋಡುತ್ತ, ಯಾಕೆಂದು ಇವತ್ತಿಗೂ ಗೊತ್ತಿಲ್ಲ, ನೊರೆಯೊಳಗಿಂದಲೇ ಇವನು ಹೇಳಿಬಿಟ್ಟ: “ಇದ್ರಲ್ಲಿ ಬೇಸ್ ಗಿಟಾರು ಮೊದಲು ನಾನೇ ನುಡಿಸ್ತಿದ್ದೆ. ಕ್ಯಾಸೆಟ್ಟಿಗಿಂತ ಮುಂಚೆ.” ಕ್ಷೌರಿಕನ ಕತ್ತಿ ಇವನ ಗಂಟಲ ಮೇಲೆ ನಿಂತಿತು. ಭಾಮೈದ ಕಣ್ಣು ಬಿಟ್ಟ. ಆ ಕ್ಷಣದ ರುಚಿಯನ್ನು ಹೇಗೆ ಮರೆಯುವುದು? ಅಲ್ಲಿಯವರೆಗೆ ಇವನ ಮಾತಿಗೆ ಯಾರ ಕೈಯೂ ನಿಂತದ್ದಿರಲಿಲ್ಲ. ಬೇಸ್ ಗಿಟಾರು ಎಂದದ್ದು ಮಾತ್ರ ಜಾಣತನ. ಹಾಡಿನಲ್ಲಿ ಅದನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ, ಫೋಟೊದಲ್ಲಿ ಆ ಮನುಷ್ಯನನ್ನು ಯಾರೂ ಹುಡುಕುವುದಿಲ್ಲ. ಮತ್ಯಾಕೆ ಬಿಟ್ಟಿರಿ ಭಾವ ಎಂದು ಕೇಳಿದಾಗ, ಅಪ್ಪನಿಗೆ ಹುಷಾರಿರಲಿಲ್ಲ, ಮನೆ ನೋಡಿಕೊಳ್ಳಬೇಕಾಗಿತ್ತು ಎಂದ. ಅಪ್ಪ ಆಗ ಕಲ್ಲುಗುಂಡಿನ ಹಾಗಿದ್ದರು. ಅಂದಿನಿಂದ ವರ್ಷಕ್ಕೊಮ್ಮೆ, ಗೊಗ್ಗರನ ಹುಟ್ಟುಹಬ್ಬದಂದು, ಈ ಕತೆಯಲ್ಲಿ ಅಪ್ಪನನ್ನು ಮಲಗಿಸಬೇಕಾಗುತ್ತಿತ್ತು. ಮೊದಲು ಬರೀ ಜ್ವರ, ಆಮೇಲೆ ಕೆಮ್ಮು, ಕೇಳುವವರ ಕಣ್ಣು ತೇವವಾದ ಒಂದು ಸಂಜೆ ಕೆಮ್ಮಿನಲ್ಲಿ ರಕ್ತ. ಎಷ್ಟೋ ವರ್ಷದ ಮೇಲೆ ಅಪ್ಪ ನಿಜಕ್ಕೂ ಹಾಸಿಗೆ ಹಿಡಿದು ಕೆಮ್ಮಿದಾಗ ಅವನು ಬಾಗಿಲ ಮರೆಗೆ ನಿಂತು, ನಾನೇ ಕರೆದು ತಂದೆನೇನೋ ಎಂದು ಕಂಗಾಲಾಗಿದ್ದ.

ನಿಜವಾದ ಸಂಗತಿ ಬಲು ಸಣ್ಣದು. ಹಲ್ಲುಸೆಟ್ಟಿನ ಕೆಲಸ ಕಲಿಯುತ್ತಿದ್ದಾಗ ಸಂಜೆ ಮನೆಗೆ ಹೋಗುವ ದಾರಿಯಲ್ಲೊಂದು ಟೈರಿನ ಗೋದಾಮಿತ್ತು. ಹಿಂಭಾಗದಲ್ಲಿ ನಾಲ್ಕು ಜನ ಅಭ್ಯಾಸ ಮಾಡುತ್ತಿದ್ದರು. ಶಬ್ದಕ್ಕೆ ಬೀದಿಯವರು ಬಯ್ಯುತ್ತಾರೆಂದು ಷಟರನ್ನು ಮುಕ್ಕಾಲು ಎಳೆದಿರುತ್ತಿದ್ದರು. ಅವನು ಎದುರಿನ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದ. ಕಾಣುತ್ತಿದ್ದದ್ದು ಮೊಣಕಾಲಿನಿಂದ ಕೆಳಗೆ ಮಾತ್ರ. ಅವನ ಪಾಲಿಗೆ ತುಕ್ಕು ಬ್ಯಾಂಡೆಂದರೆ ನಾಲ್ಕು ಜೊತೆ ಕಾಲು: ಹರಿದ ಬೂಟು, ರಬ್ಬರ್ ಚಪ್ಪಲಿ, ಮಡಚಿದ ಪ್ಯಾಂಟು, ಸದಾ ಕುಣಿಯುವ ಒಂದು ಹಿಮ್ಮಡಿ. ಗೊಗ್ಗರನ ಮುಖವನ್ನು ಅವನೂ ಎಲ್ಲರಂತೆ ಕ್ಯಾಸೆಟ್ಟಿನ ಹೊದಿಕೆಯ ಮೇಲೇ ಮೊದಲು ನೋಡಿದ್ದು. ಇಂಥ ಮುಖವಾ ಇವನದ್ದು ಎಂದು ಮೋಸಹೋದವನಂತೆ ಬೇಜಾರಾಗಿತ್ತು.

ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋಗುವಷ್ಟರಲ್ಲಿ ಅವನು ಮೂರು ರೋಗಗಳನ್ನು ಆರಿಸಿಕೊಂಡಿದ್ದ. ತಲೆಸುತ್ತು ಎಂದರೆ ಹೆಂಡತಿ ಡಾಕ್ಟರ ಹತ್ತಿರ ಎಳೆದೊಯ್ಯುತ್ತಾಳೆ. ಹೊಟ್ಟೆ ಎಂದರೆ, ತಟ್ಟೆಯಲ್ಲಿ ಎರಡನೇ ಸಲ ಅನ್ನ ಬಡಿಸಿಕೊಂಡಾಗಿದೆ. ಸೊಂಟ ಎನ್ನೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ, ತಮ್ಮ ಫೋನು ಮಾಡಿದ್ದ, ಸಂಜೆ ನಾನೂ ಬರ್ತೀನಿ ಎಂದಳು. ಮುದ್ರಣಾಲಯದಲ್ಲಿ ಕರಡು ತಿದ್ದುವವಳು ಅವಳು. ಮದುವೆಯ ಕರೆಯೋಲೆಯಿರಲಿ, ಔಷಧಿ ಡಬ್ಬದ ಚೀಟಿಯಿರಲಿ, ತಪ್ಪು ಅವಳ ಕಣ್ಣಿಗೆ ತಾನಾಗಿ ಬಂದು ಬೀಳುತ್ತಿತ್ತು. ಅಂಥವಳು ಅವನ ಬ್ಯಾಂಡಿನ ಕತೆಗೆ ಇಷ್ಟು ವರ್ಷದಲ್ಲಿ ಒಂದೇ ಒಂದು ಗೆರೆ ಎಳೆದಿರಲಿಲ್ಲ. ಯಾರಾದರೂ ಆ ಮಾತೆತ್ತಿದರೆ ಎದ್ದು ನೀರು ತರಲು ಹೋಗುತ್ತಿದ್ದಳು. ಆ ನೀರನ್ನು ಅವನು ತಲೆಯೆತ್ತದೆ ಕುಡಿಯುತ್ತಿದ್ದ. ಅವಳಿಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದಂತೆ ಇರುವುದು ಅವರಿಬ್ಬರ ಸಂಸಾರದ ಒಂದು ಮರ್ಯಾದೆಯಾಗಿತ್ತು. ಇವತ್ತು ಅದನ್ನು ನಾಲ್ಕು ಜನರ ಎದುರು ಬಿಚ್ಚುತ್ತಾರೆ. ಇಸ್ತ್ರಿ ಮಾಡಿದ ಅಂಗಿಯನ್ನು ಅವಳು ಕೈಗೆ ಕೊಟ್ಟಾಗ ಗಲ್ಲಿಗೆ ಹೋಗುವವನಿಗೆ ಬಟ್ಟೆ ಕೊಟ್ಟ ಹಾಗನ್ನಿಸಿತು. ಗುಂಡಿ ತಪ್ಪಾಗಿ ಹಾಕಿಕೊಂಡ. ಅವಳೇ ಬಿಚ್ಚಿ ಸರಿಯಾಗಿ ಹಾಕಿದಳು.

ಭಾಮೈದನದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಮುಂದುಗಡೆ ಪದವಿಪತ್ರಗಳು, ತೀರಿಹೋದ ಅಜ್ಜಂದಿರು, ಜಲಪಾತಗಳು. ಹಿಂದಿನ ಕೋಣೆಯ ತುಂಬ ರಾಕ್ ಸಂಗೀತಗಾರರು. ಕೂದಲು ಬಿಟ್ಟವರು, ಬೋಳಿಸಿಕೊಂಡವರು, ವೇದಿಕೆಯ ಮೇಲೆ ಗಿಟಾರು ಒಡೆದವರು, ಹೋಟೆಲಿನ ಕಿಟಕಿಯಿಂದ ಟೀವಿ ಎಸೆದವರು. ಯಾರ ಹುಟ್ಟುಹಬ್ಬವೋ ಅವರನ್ನು ಆ ದಿನ ಗೋಡೆಯಿಂದ ಇಳಿಸಿ, ಗಾಜು ಒರೆಸಿ, ಮೇಜಿನ ಮೇಲೆ ಒರಗಿಸಿಡುತ್ತಿದ್ದರು. ಬದುಕಿದ್ದವರು ಸತ್ತವರು ಎಂಬ ಭೇದವಿಲ್ಲ. ಕೇಕು ಎಲ್ಲರಿಗೂ ಒಂದೇ ಅಳತೆಯದು. ಆಮೇಲೆ ಅವರ ಹಾಡು ಹಾಕಿ, ಮೊದಲ ಸಲ ಅದನ್ನು ಎಲ್ಲಿ ಕೇಳಿದೆವೆಂದು ಒಬ್ಬೊಬ್ಬರೇ ಹೇಳಬೇಕು. ರಸಾಯನಶಾಸ್ತ್ರದ ಮೇಷ್ಟ್ರು ಪ್ರತಿಸಲವೂ ಬರೆದುಕೊಂಡು ಬರುತ್ತಿದ್ದರು. ಔಷಧಿ ಅಂಗಡಿಯಾಕೆ ಯಾರ ಹಾಡಿಗಾದರೂ ಅಳುತ್ತಿದ್ದಳು. ಉಳಿದ ದಿನಗಳಲ್ಲಿ ಅವನೂ ಅವರಲ್ಲೊಬ್ಬ, ಕೇಕಿಗೆ ಬಂದವನು. ಗೊಗ್ಗರನ ದಿನ ಮಾತ್ರ ಅವನ ಕುರ್ಚಿ ಬೇರೆ, ಮುಖ್ಯ ಅತಿಥಿಯದು.

ಆ ಕುರ್ಚಿಯಲ್ಲಿ ಇವತ್ತು ಡ್ರಮ್ಮರ್ ಕೂತಿದ್ದರು. ಒಣಕಲು ಮೈ, ತಲೆಗೆ ಉಣ್ಣೆಯ ಟೋಪಿ, ಒಂದು ಕಿವಿ ಕೇಳದೆ ಪ್ರತಿ ಮಾತಿಗೂ ಆಂ ಎಂದು ಇನ್ನೊಂದು ಕಿವಿ ತಿರುಗಿಸುತ್ತಿದ್ದರು. ಕೇಕು ಕತ್ತರಿಸುವ ಮುಂಚೆಯೇ ಅದರ ಅಂಚಿನ ಕ್ರೀಮನ್ನು ಬೆರಳಿನಿಂದ ತೆಗೆದು ನೆಕ್ಕುತ್ತಿದ್ದುದನ್ನು ಎಲ್ಲರೂ ಭಕ್ತಿಯಿಂದ ನೋಡುತ್ತಿದ್ದರು. ಅವನು ಬಾಗಿಲ ಪಕ್ಕ, ಗೋಡೆಗೆ ಒರಗಿಸಿದ್ದ ಗಾಜಿನ ಹಾಳೆಗಳ ಹಿಂದೆ ಸರಿದು ನಿಂತ. ಗಾಜಿನ ಹಿಂದೆ ನಿಂತವನು ಕಾಣಿಸದೆ ಇರುವುದಿಲ್ಲ ಎಂಬುದು ಹೊಳೆಯುವಷ್ಟರಲ್ಲಿ ಭಾಮೈದ ರಟ್ಟೆ ಹಿಡಿದು ಕೋಣೆಯ ನಡುವೆ ತಂದು ನಿಲ್ಲಿಸಿಯಾಗಿತ್ತು. ಗುರುತು ಸಿಕ್ತಾ ಸಾರ್, ನಿಮ್ಮ ಬೇಸ್ ಗಿಟಾರು, ಮೊದಲ ಕ್ಯಾಸೆಟ್ಟಿಗಿಂತ ಮುಂಚೆ, ಎಂದು ಕಿವಿಯ ಹತ್ತಿರ ಬಾಗಿ ಕೂಗಿದ. ಡ್ರಮ್ಮರ್ ಬೆರಳು ನೆಕ್ಕುವುದನ್ನು ನಿಲ್ಲಿಸಿ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಅವನು ಅವರನ್ನು ನೋಡಲಾರದೆ ಹೆಂಡತಿಯ ಕಡೆ ಕಣ್ಣು ಹೊರಳಿಸಿದ. ಅವಳು ಕುರ್ಚಿಯಿಂದ ಅರ್ಧ ಎದ್ದಿದ್ದಳು, ನೀರು ಎಲ್ಲಿದೆಯೆಂದು ಹುಡುಕುವವಳ ಹಾಗೆ.

“ನೀನಾ?” ಎಂದರು ಡ್ರಮ್ಮರ್. “ಇನ್ನೂ ಬದುಕಿದ್ದೀಯಾ?”

ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿ ಮೆಲ್ಲಗೆ ಕೂತಳು. ಅವನಿಗೆ ತಪ್ಪಿಸಿಕೊಂಡೆ ಎಂಬ ಸಮಾಧಾನದ ಹಿಂದೆಯೇ, ಈ ಮುದುಕನಿಗೆ ಅರಳುಮರಳು ಇರಬೇಕು ಎಂಬ ಕೃತಜ್ಞತೆ ಮೂಡಿತು. ಪಕ್ಕಕ್ಕೆ ಕುರ್ಚಿ ಬಂತು. ಡ್ರಮ್ಮರ್ ಅವನ ತೊಡೆಯ ಮೇಲೆ ಕೈಯಿಟ್ಟುಕೊಂಡೇ ನೆನಪು ಹೇಳಲು ಶುರುಮಾಡಿದರು. ಗೊಗ್ಗರ ಎಷ್ಟು ಜಿಪುಣನಿದ್ದ, ದನಿ ಒಡೆಯಲೆಂದು ಹೇಗೆ ಬೆಳಗಿನ ಹೊತ್ತು ಟೈರುಗಳ ಮಧ್ಯೆ ನಿಂತು ಅರಚುತ್ತಿದ್ದ, ಮೊದಲ ಕಾರ್ಯಕ್ರಮದಲ್ಲಿ ಹೇಗೆ ಮೈಕು ಕೆಟ್ಟು ಬಾಯಲ್ಲೇ ಹಾಡಿದ. ಜನ ನಕ್ಕರು, ಔಷಧಿ ಅಂಗಡಿಯಾಕೆ ಅತ್ತಳು. ಆಮೇಲೆ ತೊಡೆಯ ಮೇಲಿನ ಕೈ ಒಮ್ಮೆ ಒತ್ತಿತು. “ಈಗ ಇವನ ವಿಷಯಕ್ಕೆ ಬರ್ತೀನಿ,” ಎಂದರು.

ಇವನಂಥ ಬೇಸ್ ಗಿಟಾರಿನವನನ್ನು ತಾನು ಆಮೇಲೆ ಕಂಡೇ ಇಲ್ಲ ಎಂದರು. ಭಾಮೈದ ಹೆಮ್ಮೆಯಿಂದ ಎದೆ ಸೆಟೆದ. ಯಾಕೆಂದರೆ, ಎಂದು ಮುಂದುವರಿಸಿದರು, ತಾಳ ಎಂಬುದು ಮನುಷ್ಯನ ಮೈಯಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ, ಕೆಲವರಿಗೆ ಕಾಲಲ್ಲಿ, ಕೆಲವರಿಗೆ ಕುತ್ತಿಗೆಯಲ್ಲಿ. ಇವನಿಗೆ ಎಲ್ಲಿ ಹುಡುಕಿದರೂ ಸಿಗಲಿಲ್ಲ. ನಾವು ಒಂದು ಕಡೆ ಹೋದರೆ ಇವನು ದಾರಿ ಕೇಳಿಕೊಂಡು ಹಿಂದೆ ಬರುತ್ತಿದ್ದ. ಬೇಸಗೆಯಲ್ಲೂ ಮಫ್ಲರ್ ಕಟ್ಟಿಕೊಂಡು ಬರುತ್ತಿದ್ದ, ಬೆರಳಿಗೆ ಶೀತವಾಗುತ್ತದೆಂದು ಕೈಗೂ ಸುತ್ತಿಕೊಳ್ಳುತ್ತಿದ್ದ. ಅಲ್ವೇನೋ? ಕೋಣೆಯ ಅಷ್ಟೂ ಮುಖಗಳು ಅವನ ಕಡೆ ತಿರುಗಿದವು. ಮಫ್ಲರ್ ಅವನು ಹುಟ್ಟಿದಾಗಿನಿಂದ ಕಟ್ಟಿದವನಲ್ಲ. ಇಲ್ಲ ಎನ್ನುವ ಹಾಗಿಲ್ಲ. ಇಲ್ಲವೆಂದರೆ ಎಲ್ಲವೂ ಇಲ್ಲ. “ಹೌದು, ಕಟ್ತಿದ್ದೆ,” ಎಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಚಿಕೆಯಿಂದ ಕಿವಿ ಸುಡುತ್ತಿದ್ದರೂ, ಇಡೀ ಲೋಕ ಅಷ್ಟೊಂದು ಕೊಂಡಾಡುವ ಮನುಷ್ಯ ತನ್ನನ್ನು ಏನೋ ಎಂದು ಕರೆದು ತೊಡೆ ತಟ್ಟಿದ ಎಂಬ ಪುಳಕವೂ ಅದೇ ಕಿವಿಯಲ್ಲಿತ್ತು. ಭಾಮೈದ ಮಾತ್ರ ನಗಲಿಲ್ಲ. ಭಾವ ತಾವಾಗಿ ಬಿಟ್ಟದ್ದಲ್ಲವೇ ಸಾರ್, ಅವರ ತಂದೆಗೆ ಹುಷಾರಿಲ್ಲದೆ, ಎಂದು ನೆನಪಿಸಿದ.

“ಹಾಗಂದ್ನಾ?” ಡ್ರಮ್ಮರ್ ಕೇಳುವ ಕಿವಿಯನ್ನು ತಿರುಗಿಸಿ, ತಲೆಯಾಡಿಸಿ, ಮರುಕದಿಂದ ಅವನನ್ನು ನೋಡಿದರು. “ಪಾಪ. ಮನೇಲಿ ಹಾಗೇ ಹೇಳ್ಕೋಪ್ಪಾ ಅಂತ ನಾವೇ ಹೇಳಿ ಕಳಿಸಿದ್ವಿ. ತೆಗೆದು ಹಾಕಿದ್ರು ಅಂತ ಹೇಳೋದು ಕಷ್ಟ ಅಲ್ವಾ.”

ಯಾರೋ ನಗಲು ಹೋಗಿ ಕೆಮ್ಮಿದರು. ಅಪ್ಪನ ಜ್ವರ, ಕೆಮ್ಮು, ರಕ್ತ ಎಲ್ಲವೂ ಒಂದೇ ಮಾತಿಗೆ ಒರೆಸಿಹೋದವು. ಇಷ್ಟು ವರ್ಷ ಒಬ್ಬ ಗಟ್ಟಿಮುಟ್ಟು ಮುದುಕನನ್ನು ಸುಮ್ಮಸುಮ್ಮನೆ ಮಲಗಿಸಿದ್ದಕ್ಕೆ ಸಿಕ್ಕ ಶಿಕ್ಷೆ ಇದು ಎಂದು ಒಂದು ಗಳಿಗೆ ಅನ್ನಿಸಿ, ಮರುಗಳಿಗೆ ಸಿಟ್ಟು ಉಕ್ಕಿತು. ನನ್ನನ್ನು ತೆಗೆದು ಹಾಕಲು ಇವನ್ಯಾರು? ನಾನು ಇದ್ದೆನೆಲ್ಲಿ? ಇದೇ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವಂತಿಲ್ಲ ಎಂಬುದು ನೆನಪಾಗಿ ತುಟಿ ಕಚ್ಚಿಕೊಂಡ. ಡ್ರಮ್ಮರ್ ಇನ್ನೂ ಮುಗಿಸಿರಲಿಲ್ಲ. ಆದರೆ ಇವನಿಂದ ಒಂದು ಉಪಕಾರವಾಯಿತು ಎಂದರು. ‘ಲಿಫ್ಟು ಕೆಟ್ಟಿದೆ’ಯಲ್ಲಿ ಕೊನೆಯ ಚರಣಕ್ಕೆ ಮುಂಚೆ ಎಲ್ಲ ನಿಂತುಹೋಗುತ್ತದಲ್ಲ, ಆ ಮೌನ. ಅಭ್ಯಾಸದಲ್ಲಿ ಒಂದು ದಿನ ಇವನು ಬರಬೇಕಾದ ಜಾಗಕ್ಕೆ ಬರಲಿಲ್ಲ. ನಾವೆಲ್ಲ ಕಕ್ಕಾಬಿಕ್ಕಿಯಾಗಿ ನಿಂತೆವು. ಗೊಗ್ಗರ ನಕ್ಕ, ನಕ್ಕ ಉಸಿರಲ್ಲೇ ಒಬ್ಬನೇ ಎತ್ತಿಕೊಂಡ. ಎಷ್ಟು ಚೆನ್ನಾಗಿತ್ತೆಂದರೆ ಹಾಗೇ ಇಟ್ಟುಕೊಂಡೆವು. ಇವನನ್ನು ಬಿಟ್ಟೆವು.

ಆ ಮೌನ. ಆರನೇ ಮಹಡಿಯ ಮೆಟ್ಟಿಲಲ್ಲಿ ಹಾಡು ತಟಕ್ಕನೆ ನಿಲ್ಲುವಾಗ ಈ ಕೋಣೆಯಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ. ಅದು ಆಧುನಿಕ ಮನುಷ್ಯನ ಒಂಟಿತನ ಎಂದು ಮೇಷ್ಟ್ರು ಒಮ್ಮೆ ಪ್ರಬಂಧವನ್ನೇ ಓದಿದ್ದರು. ಈಗ ಅವರು ತಮ್ಮ ಕಾಗದ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಜನ ಅವನನ್ನು ಹೊಸದಾಗಿ ನೋಡಿದರು, ತಮಾಷೆಯ ವಸ್ತುವನ್ನು ನೋಡುವಂತಲ್ಲ, ಆಕಸ್ಮಿಕವಾಗಿ ಏನೋ ದೊಡ್ಡದನ್ನು ಬೀಳಿಸಿದವನನ್ನು ನೋಡುವಂತೆ. ಅವನಿಗೆ ಮಾತ್ರ ಕೋಣೆ ಕಾಣುತ್ತಿರಲಿಲ್ಲ. ರಬ್ಬರಿನ ವಾಸನೆ ಬರುತ್ತಿತ್ತು. ಒಂದು ಸಂಜೆ ಷಟರಿನ ಕೆಳಗಿಂದ ಒಂದು ಕೈ ಹೊರಗೆ ಬಂದು, ಏ ನೀನು, ದಿನಾ ನಿಲ್ತೀಯಲ್ಲ, ಬಾ ಇಲ್ಲಿ ಎಂದು ಕರೆದಿತ್ತು. ಡ್ರಮ್ಮಿನ ಪಕ್ಕ ಬಾರಿಸುವ ಕಂಚಿನ ತಟ್ಟೆಯ ಸ್ಟ್ಯಾಂಡು ಜಾರುತ್ತಿತ್ತು, ಅದರ ಕಾಲನ್ನು ಒತ್ತಿಹಿಡಿದು ಕೂರಬೇಕಿತ್ತು. ಅವನು ನೆಲದ ಮೇಲೆ ಕೂತ. ಹಾಡು ತಲೆಯ ಮೇಲೇ ನಡೆಯುತ್ತಿತ್ತು, ಎಲುಬಿನೊಳಗೆ ಬಡಿಯುತ್ತಿತ್ತು, ಮೊದಲ ಸಲ ಆ ಕಾಲುಗಳ ಮೇಲೆ ಮೈಗಳೂ ಇವೆಯೆಂದು ನೋಡಲು ಕತ್ತೆತ್ತಿದ. ಎತ್ತಿದ್ದೇ ತಡ ಕೈ ಸಡಿಲಿ ಸ್ಟ್ಯಾಂಡು ಝಣಝಣನೆ ಉರುಳಿತು. ಎಲ್ಲ ನಿಂತುಹೋಯಿತು. ಆ ನಿಶ್ಶಬ್ದದಲ್ಲಿ ಯಾರೋ ನಕ್ಕರು. ಅವನು ತಲೆಯೆತ್ತದೆ ಷಟರಿನಡಿ ನುಸುಳಿ ಓಡಿದ. ಬೆನ್ನ ಹಿಂದೆ ಗೊಗ್ಗರು ದನಿಯೊಂದು ಒಂಟಿಯಾಗಿ ಶುರುವಾದದ್ದು ಕೇಳಿಸಿತು. ಆಮೇಲೆ ಅವನು ಆ ಬೀದಿ ಬಿಟ್ಟು ಸುತ್ತು ದಾರಿಯಲ್ಲಿ ಮನೆಗೆ ಹೋಗತೊಡಗಿದ. ಕ್ಯಾಸೆಟ್ಟು ಬಂದಾಗ ಆ ಜಾಗವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ಕೇಳಿದರೂ, ಹಾಡು ಮೊದಲಿನಿಂದಲೂ ಹಾಗೇ ಇದ್ದಿರಬಹುದು ಎಂದು ತಳ್ಳಿಹಾಕಿದ್ದ. ಬೇಸ್ ಗಿಟಾರು ನುಡಿಸಿದೆನೆಂದು ಊರಿಗೆಲ್ಲ ಹೇಳಿದವನು ಈ ಮಾತನ್ನು ತನಗೆ ತಾನು ಕೂಡ ಹೇಳಿಕೊಂಡಿರಲಿಲ್ಲ.

ಕೇಕಾದ ಮೇಲೆ ಡ್ರಮ್ಮರ್ ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋದರು. ಅವನು ಟವೆಲು ಹಿಡಿದು ಹಿಂಬಾಲಿಸಿದ. ಕತ್ತರಿಸಿದ ಮರದ ಪಟ್ಟಿಗಳ ನಡುವೆ ಅಲ್ಲಿ ಇಬ್ಬರಿಗಷ್ಟೇ ಜಾಗ. ಮುದುಕರು ಕನ್ನಡಿ ಚೂರಿನಲ್ಲಿ ಅವನನ್ನು ನೋಡಿ ಕಣ್ಣು ಮಿಟುಕಿಸಿದರು. ಅರಳುಮರಳಿನ ಸುಳಿವೂ ಇರಲಿಲ್ಲ.

“ಹೋದ ಊರಲ್ಲೆಲ್ಲ ನಿನ್ನಂಥೋನು ಒಬ್ಬ ಸಿಗ್ತಾನೆ,” ಎಂದರು. “ಎಲ್ಲರೂ ಕ್ಯಾಸೆಟ್ಟಿಗಿಂತ ಮುಂಚೆ. ಎಲ್ಲರೂ ಬೇಸ್ ಗಿಟಾರೇ. ಡ್ರಮ್ಸ್ ಅಂತ ಒಬ್ಬನೂ ಹೇಳಲ್ಲ, ನಾನಿನ್ನೂ ಸತ್ತಿಲ್ಲ ನೋಡು.”

ಅವನು ಕ್ಷಮಿಸಿ ಎನ್ನಲು ಹೋಗಿ, ಬೈಯದೆ ಯಾಕೆ ಬಿಟ್ಟಿರಿ ಎಂದು ಕೇಳಿದ. ಬೈದರೆ ನನಗೇನು ಸಿಗುತ್ತದೆ ಎಂದರು. ನಿನ್ನಂಥ ಉಳಿದವರು ಬಂದು ತಬ್ಬಿಕೊಳ್ಳುತ್ತಾರೆ, ಅವರಿಗೆ ಬರೀ ಮಫ್ಲರಿನ ಕತೆ ಕೊಟ್ಟು ಕಳಿಸುತ್ತೇನೆ. ನೀನು ಗಾಜಿನ ಹಿಂದೆ ಅಡಗಿದ್ದು ನೋಡಿ ನಗು ಬಂತು, ಅದಕ್ಕೇ ಒಳ್ಳೆಯದನ್ನು, ಆ ಮೌನದ ಕತೆಯನ್ನು, ಕೊಟ್ಟೆ. ಆ ಮೌನ ಹೇಗೆ ಆಯಿತೆಂದು ನಿಮಗೆ ನಿಜಕ್ಕೂ ನೆನಪಿದೆಯೇ ಎಂದು ಅವನು ಪಿಸುಗುಟ್ಟಿದ. ಮುದುಕರು ಆಂ ಎಂದರು. ಕೇಳುವ ಕಿವಿಯ ಕಡೆ ಹೋಗಿ ಇನ್ನೊಮ್ಮೆ ಕೇಳಬೇಕಾಯಿತು. ಏನೋ ಬಿತ್ತು, ಏನೋ ಆಯಿತು, ಯಾರಿಗೆ ನೆನಪಿರುತ್ತದೆ ಎಂದು ಅವರು ಟವೆಲಿಗೆ ಕೈ ಚಾಚಿದರು.

“ಬಿದ್ದದ್ದು ತಟ್ಟೆಯ ಸ್ಟ್ಯಾಂಡು,” ಎಂದ ಅವನು. “ಅದನ್ನ ಹಿಡ್ಕೊಂಡು ಕೂತಿದ್ದೋನು ನಾನು. ಇದು ನಿಜ ಸಾರ್. ಇದೊಂದು ನಿಜ.”

ಡ್ರಮ್ಮರ್ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಅವನನ್ನು ಮೆಚ್ಚುಗೆಯಿಂದ ನೋಡಿದರು.

“ಚೆನ್ನಾಗಿದೆ,” ಎಂದರು. “ಗಿಟಾರಿಗಿಂತ ಸ್ಟ್ಯಾಂಡೇ ವಾಸಿ. ಮುಂದಿನ ಊರಲ್ಲಿ ಸೇರಿಸ್ತೀನಿ.”

ಟವೆಲನ್ನು ಅವನ ಹೆಗಲ ಮೇಲೆ ಹಾಕಿ ಒಳಗೆ ಹೋದರು.

ಮನೆಗೆ ನಡೆದೇ ಹೋಗೋಣ ಎಂದದ್ದು ಹೆಂಡತಿ. ಅಂಗಡಿಗಳು ಆಗತಾನೆ ದೀಪ ಹಾಕುತ್ತಿದ್ದವು. ಭಾಮೈದ ಬಾಗಿಲವರೆಗೆ ಬಂದು, ಬೇಜಾರು ಮಾಡ್ಕೋಬೇಡಿ ಭಾವ, ಆ ಮೌನ ನಿಮ್ಮದು ಅಂದರೆ ಕಡಿಮೆಯೇ ಎಂದು ಕೈ ಹಿಸುಕಿ ಕಳಿಸಿದ್ದ. ಒಂದು ಪೂರ್ತಿ ಬೀದಿ ದಾಟುವವರೆಗೆ ಅವನು ಅವಳ ಚಪ್ಪಲಿಯ ಸದ್ದು ಕೇಳುತ್ತ, ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕುತ್ತಿಗೆ ಬಗ್ಗಿಸಿಕೊಂಡು ನಡೆದ. ಬಟ್ಟೆ ಅಂಗಡಿಯ ಮುಂದೆ ಅವಳು ನಿಂತಳು. ಕಣ್ಣು ಒದ್ದೆಯಾಗಿತ್ತು.

“ನಾನು ಇಷ್ಟು ವರ್ಷ ನೀವು ಸುಳ್ಳು ಹೇಳ್ತಿದ್ದೀರಿ ಅಂದ್ಕೊಂಡಿದ್ದೆ ಕಣ್ರೀ,” ಎಂದಳು. “ಹೋಗ್ಲಿ ಪಾಪ, ಏನೋ ಒಂದು ಆಸೆ, ಹೇಳ್ಕೊಳ್ಳಿ ಅಂತ ಸುಮ್ಮನಿದ್ದೆ. ತೆಗೆದು ಹಾಕಿದ್ರು ಅಂತ ನನ್ನ ಹತ್ರಾನಾದ್ರೂ ಹೇಳಬಾರದಿತ್ತಾ?”

ಅವನಿಗೆ ನಿಜ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ ಎಂದು ತಿಳಿಯುತ್ತಿತ್ತು. ಆದರೆ ಅವಳು ಅವನ ತೋಳು ಹಿಡಿದುಕೊಂಡಿದ್ದಳು, ಬೀದಿಯಲ್ಲಿ, ನಾಲ್ಕು ಜನ ಓಡಾಡುವ ಕಡೆ, ಹಿಂದೆಂದೂ ಹಿಡಿಯದ ರೀತಿ. ಎಷ್ಟು ನೊಂದಿರಬೇಕು ನೀವು, ಆ ವಯಸ್ಸಿನಲ್ಲಿ, ಅಷ್ಟು ಜನರ ಮುಂದೆ ಎಂದಳು. ಹೌದು ಎಂದ. ಷಟರಿನಡಿ ತೆವಳುವಾಗ ತರಚಿದ ಮೊಣಕೈ ನೆನಪಾಗಿ ಅಲ್ಲಿ ಉರಿದ ಹಾಗಾಯಿತು. ಅವಳು ಅವನನ್ನು ಮೆಲ್ಲಗೆ ನಡೆಸಿಕೊಂಡು ಹೋಗುತ್ತ, ನಿಮ್ಮ ಭಾಗ ಹೇಗಿತ್ತು, ಈಗಲೂ ಬರುತ್ತದಾ, ಒಂಚೂರು ಅನ್ನಿ ನೋಡೋಣ ಎಂದು ಕೇಳಿದಳು. ಅವನು ಬೇಡ ಎಂದ. ಅವಳು ಬಿಡಲಿಲ್ಲ. ಕೊನೆಗೆ ಅತ್ತಿತ್ತ ನೋಡಿ, ಷಟರಿನಾಚೆಯಿಂದ ಕೇಳಿ ಕೇಳಿ ಮೈಗೆ ಹತ್ತಿದ್ದ ಆ ತಗ್ಗಿನ ದನಿಯನ್ನು ಬಾಯಿ ಮುಚ್ಚಿಕೊಂಡೇ ಎತ್ತಿದ. ದುಮ್ ದುಮ್ ದುದುಮ್. ಒಂದೊಂದೇ ಮೆಟ್ಟಿಲು, ಒಂದು ಮಹಡಿ, ಇನ್ನೊಂದು ಮಹಡಿ. ಕರಡು ತಿದ್ದುವವಳು ಕತ್ತು ವಾಲಿಸಿ, ತಪ್ಪು ಹುಡುಕುವಾಗಿನ ಏಕಾಗ್ರತೆಯಲ್ಲಿ ಕೇಳಿದಳು.

“ಸರಿಯಾಗೇ ಇದೆಯಲ್ರೀ,” ಎಂದಳು. “ಇದಕ್ಯಾಕೆ ತೆಗೆದ್ರು?”

ಅವನು ಸರಕ್ಕನೆ ನಿಂತ. ಹೊಟ್ಟೆಯ ಆಳದಿಂದ ಬಿಸಿಬಿಸಿಯಾದ ಕೋಪವೊಂದು ಎದ್ದು ನೆತ್ತಿಗೇರಿತು. ಸುಳ್ಳಿನ ಸುಳಿವಿಲ್ಲದ, ಶುದ್ಧವಾದ ಕೋಪ.

“ಅದನ್ನೇ ನಾನೂ ಕೇಳೋದು,” ಎಂದ. “ಅವರಿಗೇನು ಗೊತ್ತಿತ್ತು ತಾಳದ ವಿಷಯ? ಆ ಡ್ರಮ್ಮರ್ ಇದ್ದಾನಲ್ಲ, ಅವನೇ ಒಂದಿನಾನೂ ಸರಿಯಾಗಿ ಬಾರಿಸ್ತಿರ್ಲಿಲ್ಲ.”